ಉಮ್ಮರಾಕ ಓದಿದ ಸುದ್ದಿ

ಅಕ್ಟೋಬರ್ 7, ಮಂಗಳವಾರ. ಬೆಳಿಗ್ಗೆ

ಬಾತ್‌ರೂಮ್ ಸರದಿಯಲ್ಲಿ ಮುಂದೆ ಇನ್ನೂ ನಾಲ್ವರು. ನಿಂತಲ್ಲೇ ಫೋನಿನಲ್ಲಿ ಬರೆಯುತ್ತಿದ್ದೇನೆ. ಹಾಲಿಗೆ ಪ್ಲೈವುಡ್ ಹೊಡೆದು ಗೂಡು ಮಾಡಿದ ಫ್ಲ್ಯಾಟ್ ಇದು. ಕಿಟಕಿಯಾಚೆ ಈ ಕೊಲ್ಲಿ ದೇಶದ ಬಂದರಿನ ಕ್ರೇನುಗಳು.

ನಿನ್ನೆ ಹಡಗಿಗೆ ಬಿಡಿಭಾಗ ಕೊಡಲು ಹೋದಾಗ ಗ್ರೀಕ್ ಇಂಜಿನಿಯರ್ ಥಾನಾಸಿಸ್ ಒಂದು ಇಂಗ್ಲಿಷ್ ಕರಪತ್ರ ಕೊಟ್ಟ. ಅವನ ಅಮ್ಮ ಹುಟ್ಟಿದ ಕೇರಿಯ ಕಥೆ. ದ್ರಾಪೆತ್ಸೋನ. ಗ್ರೀಸಿನ ಪಿರೇಯಸ್ ಬಂದರಿನ ಪಶ್ಚಿಮಕ್ಕೆ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ರಸಗೊಬ್ಬರ ಕಾರ್ಖಾನೆಯ ಚಿಮಣಿಗಳು. 1922ರಲ್ಲಿ ಯುದ್ಧಕ್ಕೆ ಹೆದರಿ ಸಮುದ್ರದಾಚೆಯ ಸ್ಮಿರ್ನಾ ಕಡೆಯಿಂದ ಓಡಿಬಂದ ನಿರಾಶ್ರಿತರು ಹಲಗೆ ತಗಡಿನಲ್ಲಿ ಕಟ್ಟಿಕೊಂಡ ಮನೆಗಳು. ಕಾರ್ಖಾನೆಗೂ ಬಂದರಿಗೂ ದುಡಿದವರು ಅವರೇ. 1960ರಲ್ಲಿ ಪೊಲೀಸರನ್ನು ಹಿಂದಿಟ್ಟುಕೊಂಡು ಬುಲ್ಡೋಜರ್ ಬಂತು. ಜನ ಅಡ್ಡ ನಿಂತರು.

ರಾತ್ರಿ ಎರಡು ಸಲ ಓದಿದೆ. ಇಂಥದ್ದನ್ನು ಓದಿಯೂ ಸುಮ್ಮನಿರುವವನು ಓದಿದವನೇ ಅಲ್ಲ.

ಅಕ್ಟೋಬರ್ 9, ಗುರುವಾರ

ಆ ಕೇರಿಯ ಕಥೆ ಬರೆದು ಮುಗಿಸಿದೆ, ಕನ್ನಡದಲ್ಲಿ. ಊರು, ಇಸವಿ ಎರಡೂ ತೆಗೆದೆ. 'ಬಂದರಿನ ಪಕ್ಕದ ಕೇರಿ' ಅಷ್ಟೇ. ಎಲ್ಲವೂ ವರ್ತಮಾನದಲ್ಲಿ — ಬುಲ್ಡೋಜರ್ ಬರುತ್ತಿದೆ, ಗೋಡೆ ಬೀಳುತ್ತಿದೆ. ಯಾವ ಬಂದರಾದರೂ ಒಂದೇ ತಾನೆ.

ಉಮ್ಮರಬ್ಬ ನಮ್ಮ ಫ್ಲ್ಯಾಟಿನ ಹಿರಿಯರು, ಕೆಳಗಿನ ಗ್ರೋಸರಿಯಲ್ಲಿ ಕೆಲಸ. ಎಲ್ಲರಿಗೂ ಉಮ್ಮರಾಕ. ದಿನಾ ಸಂಜೆ ಮಗ್ರಿಬ್ ನಮಾಜಿನ ಮೇಲೆ ಊರಿನ ಪೇಪರ್ ಓದಿ, ಬ್ಯಾರಿ ಭಾಷೆಯಲ್ಲಿ ಹೇಳಿ, ವಾಯ್ಸ್ ಮೆಸೇಜ್ ಮಾಡಿ ಫೋನಿನ ಗ್ರೂಪಿಗೆ ಹಾಕುತ್ತಾರೆ. ಕನ್ನಡ ಓದಲು ಬಾರದ ಎಷ್ಟೋ ಮಂದಿಗೆ ಸುದ್ದಿ ಎಂದರೆ ಅದೇ. ಉಪ್ಪಿನಂಗಡಿಯಲ್ಲಿ ಅವರ ಹೆಂಡತಿ ಬೀಪಾತುಮ್ಮನೂ ಅದನ್ನು ಕೇಳಿಯೇ ಮಲಗುವುದಂತೆ.

ನನ್ನದನ್ನೂ ಓದಿ ಎಂದೆ.

"ಪುನಾ ಕ್ರಾಂತಿಯಾ? ಮೊದಲು ನಿನ್ನ ಬಟ್ಲು ತೊಳಿ ಮಾರಾಯ," ಅಂದರು. ಆಮೇಲೆ ಕನ್ನಡಕ ಹಾಕಿ ಪೂರ್ತಿ ಓದಿದರು. "ಇದು ಯಾವ ಊರು ಅಂತ ಹಾಕ್ಲೇ ಇಲ್ವಲ್ಲಾ ಫ್ಲಾಯ್ಡ್?"

"ಬೇಡ ಉಮ್ಮರಾಕ. ಗ್ರೀಸ್ ಅಂದ ಕೂಡ್ಲೇ ಎಲ್ಲ ನಿದ್ದೆ ಮಾಡ್ತಾರೆ."

ಅವರಿಗೆ ಸಮಾಧಾನ ಇರಲಿಲ್ಲ. ಆದರೂ ಪೇಪರ್ ಓದಿದ ಹಿಂದೆಯೇ ಇದನ್ನೂ ಓದಿದರು. ಎಂಥ ಧ್ವನಿ… ಅಡುಗೆ ಮನೆಯಲ್ಲಿ ಪಕ್ಕದ ಗೂಡಿನ ಸಫೀರ್ ಚಪಾತಿ ಬಿಟ್ಟು ನಿಂತುಬಿಟ್ಟ.

ಅಕ್ಟೋಬರ್ 11, ಶನಿವಾರ

ಸಫೀರ್ ಪೆಟ್ಟಿಗೆ ಕಟ್ಟಿದ್ದಾನೆ. ದುಬೈಗೆ, ಅಲ್ ಬರ್ಷಾದಲ್ಲಿರುವ ಅಣ್ಣನ ಹತ್ತಿರ.

"ಯಾಕೆ?"

"ಎಂತ ಯಾಕೆ? ಈ ಕಡೆ ಎಲ್ಲ ಒಡೀತಾರಂತೆ. ಉಮ್ಮರಾಕ ಸುದ್ದಿಯಲ್ಲಿ ಹೇಳಿದ್ದು ನೀ ಕೇಳ್ಲಿಲ್ವಾ?"

ಅದು ಗ್ರೀಸಿನದು, ಹಳೆಯದು ಎಂದೆ. ನಕ್ಕ. "ಪೇಪರಿನ ಒಟ್ಟಿಗೆ ಓದಿದ್ದು. ಅವರು ಇಷ್ಟು ವರ್ಷದಲ್ಲಿ ಒಂದು ಸುಳ್ಳು ಓದಿದ್ದುಂಟಾ?"

ಆ ವಾಯ್ಸ್ ಮಲಯಾಳಂ ಗ್ರೂಪುಗಳಿಗೂ ಹೋಗಿದೆ. ಪಕ್ಕದ ಬಿಲ್ಡಿಂಗಿನಲ್ಲಿ ಎರಡು ಕುಟುಂಬ ಸಾಮಾನು ಇಳಿಸುತ್ತಿದ್ದವು. ನಿಜ ಬರೆಯಬೇಕು: ಒಂದು ಗಳಿಗೆ ಮೈ ಝುಮ್ ಎಂದಿತು. ನನ್ನ ಮಾತಿಗೆ ಜನ ಕದಲಿದರಲ್ಲ ಎಂದು. ಅಷ್ಟರಲ್ಲಿ ವಾಚ್‌ಮನ್ ಬಂದು ಮೆಲ್ಲಗೆ ಹೇಳಿದ — ಇಬ್ಬರು ಬಂದಿದ್ದರು, ಪೊಲೀಸರೇ ಇರಬೇಕು, ಈ ಧ್ವನಿ ಯಾರದು ಎಂದು ಕೇಳಿದರು.

ಉಮ್ಮರಾಕನಿಗೆ ತಿಳಿಸಿದೆ. ಅಕ್ಕಿ ಅಳೆಯುತ್ತಿದ್ದರು. ಅಳೆದು ಮುಗಿಸಿ ತಲೆ ಎತ್ತಿದರು.

"ನೀನು ಬಾಯಿ ಮುಚ್ಚಿ ಕೂರು. ಧ್ವನಿ ನನ್ನದಲ್ವಾ."

ಅಕ್ಟೋಬರ್ 18, ಶನಿವಾರ

ಸೋಮವಾರ ಪೊಲೀಸರು ಕರೆದುಕೊಂಡು ಹೋದ ಉಮ್ಮರಾಕನನ್ನು ಇನ್ನೂ ಬಿಟ್ಟಿಲ್ಲ. ಸುಳ್ಳು ಸುದ್ದಿ ಹರಡಿದ ಕೇಸು. ಬರೆದುಕೊಟ್ಟವರು ಯಾರು ಎಂದಾಗ, ಯಾರೂ ಇಲ್ಲ, ನಾನೇ ಹೇಳಿದ್ದು ಎಂದರಂತೆ. ಸ್ಟೇಷನ್ನಿಗೆ ಹೋಗಿ ಬಂದ ಗ್ರೋಸರಿಯವನು ಹೇಳಿದ.

ಗ್ರೂಪಿನಿಂದ ಒಬ್ಬೊಬ್ಬರೇ ಹೊರಟರು. ಫ್ಲ್ಯಾಟಿನಲ್ಲಿ ನನ್ನ ಜೊತೆ ಯಾರೂ ಮಾತಾಡುವುದಿಲ್ಲ. ಬಾತ್‌ರೂಮಿಗೆ ಸರದಿಯೂ ಇಲ್ಲ. ನಾನು ಬಂದರೆ ಸರಿದು ದಾರಿ ಬಿಡುತ್ತಾರೆ.

ಇದೇ ದೇಶದ ರುವೈಸಿನಿಂದ ಅಕ್ಕ ಕಾರ್ಮಿನ್ ಫೋನ್ ಮಾಡಿದಳು. "ಎಲ್ಲ ಡಿಲೀಟ್ ಮಾಡು. ನಾಡಿದ್ದಿನ ಟಿಕೆಟ್ ಹಾಕಿದ್ದೇನೆ, ಸೀದಾ ಮಂಗಳೂರು."

"ಉಮ್ಮರಾಕ?"

"ಅವರು ನಿನ್ನ ಹೆಸರು ಹೇಳ್ಲಿಲ್ಲ ಅಲ್ಲ? ಹಾಗಾದ್ರೆ ಖಲಾಸ್. ನಿನ್ನ ಭಾವನ ಕೆಲಸವೂ ಇಲ್ಲೇ ಉಂಟು, ಪುತಾ. ನನ್ನ ಮಕ್ಕಳ ಶಾಲೆ ಉಂಟು. ನಿನ್ನ ಆದರ್ಶಕ್ಕೆ ಇನ್ನೆಷ್ಟು ಜನ ಬೇಕು ನಿನಗೆ?"

ಫೋನ್ ಇಟ್ಟೆ.

ಸಂಜೆ ಬೀಪಾತುಮ್ಮನ ಫೋನ್. "ಮಗಾ, ಇವರ ವಾಯ್ಸ್ ಬರುವುದಿಲ್ಲ. ಗಂಟಲು ಸರಿ ಇಲ್ವಾ?"

ಹೌದು, ಗಂಟಲು, ಎಂದೆ.

"ಬಿಸಿನೀರಿಗೆ ಉಪ್ಪು ಹಾಕಿ ಕೊಡು. ನೀನು ಒಟ್ಟಿಗೆ ಇದ್ದೀಯಲ್ಲ, ನನಗೆ ಹೆದರಿಕೆ ಇಲ್ಲ."

ಅಕ್ಟೋಬರ್ 20, ಸೋಮವಾರ

ವಿಮಾನ ಮಧ್ಯಾಹ್ನಕ್ಕೆ. ಅಕ್ಕನ ಫೋನ್ ಬರುತ್ತಲೇ ಇದೆ, ಎತ್ತುತ್ತಿಲ್ಲ. ಏರ್‌ಪೋರ್ಟಿಗೆ ಹೋಗಲಿಲ್ಲ. ಉಮ್ಮರಾಕನನ್ನು ಇಟ್ಟಿರುವ ಸ್ಟೇಷನ್ನಿಗೆ ಬಂದು ಕುಳಿತಿದ್ದೇನೆ. ಎಸಿ ತಣ್ಣಗೆ ಕೊರೆಯುತ್ತಿದೆ. ಕರಪತ್ರಗಳಲ್ಲಿ ಅಡ್ಡ ನಿಲ್ಲುವವರೆಲ್ಲ ಗುಂಪಾಗಿಯೇ ಇರುತ್ತಾರೆ. ಒಬ್ಬನೇ ಹೇಗೆ ನಿಲ್ಲುವುದೆಂದು ಯಾರೂ ಬರೆದಿಲ್ಲ.

ಕೌಂಟರಿನವನು ನನ್ನನ್ನೇ ನೋಡುತ್ತಿದ್ದಾನೆ. ಅವರಿಗೆ ನೀನು ಏನಾಗಬೇಕು ಎಂದು ಹಿಂದಿಯಲ್ಲಿ ಕೇಳಿದ. ಒಂದು ನಿಮಿಷ ಎಂದೆ. ಈಗ ಪಕ್ಕದ ಬಾಗಿಲು ತೆಗೆದು ಇನ್ನೊಬ್ಬ ಬಂದ. ಫೋನ್ ಕೊಡು ಎಂದು ಕೈ ಚಾಚುತ್ತಿದ್ದಾನೆ. ಏಳುತ್ತೇನೆ. ಮೊದಲು ಇಷ್ಟು ಹೇಳಬೇಕು — ಓದಿದ್ದು ಮಾತ್ರ ಅವರು, ಬರೆದದ್ದು