‘ನೋಯುತ್ತೆ, ಅಳು’ ಎಂಬ ಮಾತಿಗೆ ಬಿಳಿ ಬಳಿಸಿದವರಿಗೆ

ಮಕ್ಕಳ ಆಸ್ಪತ್ರೆಯ ಆಡಳಿತಾಧಿಕಾರಿಗಳೇ,

ಮಾನ್ಯರೇ ಎಂದು ಶುರುಮಾಡಬೇಕಿತ್ತು, ಕೈ ಏಳಲಿಲ್ಲ. ನೀವು ಒಂಬತ್ತು ಮಂದಿ ಎಳೆಯ ಕಲಾವಿದರಿಗೆ ಮಾತು ಕೊಟ್ಟು ತಪ್ಪಿದಿರಿ. ಅವರು ಬರೆದದ್ದರ ಮೇಲೆ ಬಿಳಿ ಬಣ್ಣ ಬಳಿಸಿ, ಅವರು ಹೇಳದ ಮಾತನ್ನು ಅವರ ಬಾಯಿಗೆ ತುರುಕಿದಿರಿ. ಆ ಕೆಲಸಕ್ಕೆ ನನ್ನ ಕೈಯನ್ನು ಬಳಸಿಕೊಂಡಿರಿ. ಒಂಬತ್ತು ಮಂದಿಯಲ್ಲಿ ಒಬ್ಬಳು ನನ್ನ ಮಗಳು.

ಚಿತ್ರಕಲಾ ಶಾಲೆಗೆ ನೀವು ಕಳುಹಿಸಿದ ಆಹ್ವಾನ ಈಗ ನನ್ನ ಮುಂದಿದೆ. ಚಿಕ್ಕಂದಿನಲ್ಲಿ ಇದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರು, ಅಂದಿನ ತಮಗೆ ಇಂದು ಯಾವ ಬುದ್ಧಿಮಾತು ಹೇಳುತ್ತಾರೋ ಅದನ್ನು ಚಿತ್ರಿಸಿ, ಕೆಳಗೆ ಬರೆದುಕೊಡಲಿ; ಕಾಯುವ ಕೊಠಡಿಯ ಗೋಡೆಗೆ ಹಾಕುತ್ತೇವೆ; ‘ಒಂದಕ್ಷರವೂ ಬದಲಾಗದು’ ಎಂದಿದೆ. ಅಡಿಯಲ್ಲಿ ನಿಮ್ಮದೇ ಸಹಿ. ಮಕ್ಕಳು ನಂಬಿದರು. ಸಹಿ ಕಂಡರೆ ನಂಬುವ ವಯಸ್ಸು ಅವರದು. ನನ್ನ ಮಗಳು ಎರಡು ತಿಂಗಳು ಕೋಣೆಯ ಬಾಗಿಲು ಹಾಕಿಕೊಂಡು ಚಿತ್ರ ಬರೆದಳು. “ಪರದೆ ತೆಗೆದ ದಿನವೇ ನೋಡ್ಬೇಕು ಅಪ್ಪಾ, ಅಲ್ಲೀವರೆಗೂ ಇಣುಕಿದ್ರೆ ಜಗಳವೇ,” ಎಂದು ಗದರಿದ್ದಳು. ನಾನು ಇಣುಕಲಿಲ್ಲ. ಇಣುಕಬೇಕಿತ್ತು.

ನಾನು ಮೂವತ್ತು ವರ್ಷಗಳಿಂದ ಬೋರ್ಡ್ ಬರೆಯುವವನು. ನಿಮ್ಮ ಗುಮಾಸ್ತರು ಕರೆದರೆಂದು ಬಂದೆ. ಒಂಬತ್ತು ಹಲಗೆಗಳು ಆಗಲೇ ಗೋಡೆಗೇರಿದ್ದವು. ಚಿತ್ರಗಳಿಗೆಲ್ಲ ಹಳೆಯ ಪೇಪರ್ ಅಂಟಿಸಿ ಮುಚ್ಚಿದ್ದರು. ಕೆಳಗಿನ ಒಂದು ಗೇಣು ಜಾಗ ಮಾತ್ರ ಬೆಳ್ಳಗೆ ಖಾಲಿಯಿತ್ತು. “ಹುಡುಗರ ಅಕ್ಷರ ಸೊಟ್ಟಪಟ್ಟ ಬರುತ್ತೆ ನೋಡಿ, ನೀವಾದ್ರೆ ದುಂಡಗೆ ಬರೀತೀರಿ,” ಎಂದು, ಬರೆಯಬೇಕಾದ ಮಾತುಗಳಿದ್ದ ಹಾಳೆಯೊಂದನ್ನು ಕೈಗಿತ್ತರು. ನನಗೇನು ಗೊತ್ತು? ಮಗಳ ಚಿತ್ರಕ್ಕೆ ಅಪ್ಪನ ಅಕ್ಷರ ಎಂದು ಒಳಗೊಳಗೇ ಹಿಗ್ಗಿದೆ.

ಬರೆಯುವಾಗ ಓದಲಿಲ್ಲವೇ ಎಂದು ನೀವು ಕೇಳಬಹುದು. ಮನೆಯವಳೂ ಕೇಳಿದಳು. ನಮ್ಮ ಕಸುಬಿನಲ್ಲಿ ಓದುವುದಿಲ್ಲ. ನನಗೆ ಕುಂಚ ಹಿಡಿಯಲು ಕಲಿಸಿದ ಮೇಸ್ತ್ರಿ, “ಓದ್ಕೊಂಡು ಬರೆದ್ರೆ ಕೈ ಅರ್ಥದ ಹಿಂದೆ ಓಡುತ್ತೆ ಕಣೋ, ಅಕ್ಷರದ ಹೊಟ್ಟೆ ಕೆಡುತ್ತೆ,” ಎನ್ನುತ್ತಿದ್ದರು. ನಾವು ದಾರ ಹಿಡಿದು ಗೆರೆ ಹೊಡೆಯುತ್ತೇವೆ, ಜಾಗ ಅಳೆಯುತ್ತೇವೆ, ಒತ್ತಕ್ಷರಕ್ಕೆ ಕೆಳಗೆ ಎಡೆ ಬಿಡುತ್ತೇವೆ. ಹೀಗೆ ಎಷ್ಟೋ ಜನರ ಬಣ್ಣದ ಮಾತುಗಳನ್ನು ಅರ್ಥ ಕೇಳದೆ ಬರೆದು, ಇದೇ ಕಸುಬಿನ ಶಿಸ್ತು ಎಂದು ಬೀಗಿದವನು ನಾನು. ಆ ಶಿಸ್ತೇ ಕೊನೆಗೆ ಕುತ್ತಿಗೆಗೆ ಬಂತು.

ಉದ್ಘಾಟನೆಯ ದಿನ ಪರದೆ ಸರಿಯಿತು. ಮಗಳ ಚಿತ್ರದಲ್ಲಿ, ಎತ್ತರದ ಮಂಚದ ಮೇಲೆ ಏಳು ವರ್ಷದ ಹುಡುಗಿ. ಒಂದು ಕೈಗೆ ಬ್ಯಾಂಡೇಜು, ಇನ್ನೊಂದು ಕೈಯ ಮುಷ್ಟಿ ಬಾಯೊಳಗೆ. ಪಕ್ಕದಲ್ಲಿ ಅದೇ ಮುಖದ, ಹತ್ತೊಂಬತ್ತರ ಹುಡುಗಿ ಮಂಡಿಯೂರಿ ಕೂತಿದ್ದಾಳೆ. ಕೆಳಗೆ ನನ್ನ ದುಂಡನೆಯ ಅಕ್ಷರ: ‘ನೋವೇ ಇಲ್ಲ, ನಗುತ್ತಿರು ಕಂದ.’ ನೀವು ಚಪ್ಪಾಳೆ ತಟ್ಟಿದಿರಿ. ಮಗಳು ತಟ್ಟಲಿಲ್ಲ. “ಅಪ್ಪಾ, ಇದು ನಿನ್ನ ಕೈ ಅಲ್ವಾ?” ಎಂದಳು. ಹೌದೆಂದೆ. “ನಾನು ಬರೆದಿದ್ದು ಇದಲ್ಲ,” ಎಂದು ಹೊರಟುಹೋದಳು.

ಅವಳು ಬರೆದದ್ದು ಇದು, ಆಮೇಲೆ ಅವಳ ಜೊತೆಯವರಿಂದ ತಿಳಿಯಿತು: ‘ನೋಯುತ್ತೆ. ಜೋರಾಗಿ ಅಳು. ಆಮೇಲೆ ಕಡಿಮೆಯಾಗುತ್ತೆ, ಅದೂ ನಿಜ.’

ಇದರ ಹಿಂದಿನ ಕಥೆಯನ್ನೂ ಹೇಳಿಬಿಡುತ್ತೇನೆ, ಮಾನ ಹೋದರೆ ನನ್ನದೇ ಹೋಗಲಿ. ಹನ್ನೆರಡು ವರ್ಷದ ಹಿಂದೆ ಮಗಳ ಮೊಣಕೈ ಮುರಿದಿತ್ತು. ಮೂಳೆಗೆ ಹಾಕಿದ್ದ ತಂತಿಗಳನ್ನು ತೆಗೆಯುವ ದಿನ, ಇದೇ ಕಾಯುವ ಕೊಠಡಿಯಲ್ಲಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಏನೂ ನೋಯಲ್ಲ ಪುಟ್ಟಿ, ಇರುವೆ ಕಚ್ಚಿದಷ್ಟೂ ಆಗಲ್ಲ,” ಎಂದೆ. ಒಳಗೆ ಅವಳು ಕಿರುಚಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಆಮೇಲೆ ಒಂದು ವರ್ಷ, ಊಟಕ್ಕೆ ಏನೆಂದು ನಾನು ಹೇಳಿದರೂ ತಟ್ಟೆ ನೋಡಿಯೇ ನಂಬುತ್ತಿದ್ದಳು. ಅಪ್ಪ ಅಂದು ಹೇಳದೆ ಹೋದ ಮಾತನ್ನು ಅವಳೇ ದೊಡ್ಡವಳಾಗಿ ಬಂದು ಆ ಪುಟ್ಟ ಹುಡುಗಿಗೆ ಹೇಳಿದಳು. ಅದನ್ನು ನೀವು ಮುಚ್ಚಿಸಿದಿರಿ. ನಾನು ಅದೇ ಹಳೆಯ ಸುಳ್ಳನ್ನು ಮತ್ತೆ ಹೇಳಿದೆ, ಈ ಸಲ ಎನಾಮಲ್ ಬಣ್ಣದಲ್ಲಿ.

ಉಳಿದವರೇನು ಕೆಟ್ಟದ್ದು ಬರೆದಿದ್ದರು? ‘ಅಮ್ಮ ನಿನ್ನನ್ನು ಬಿಟ್ಟು ಹೋಗಿಲ್ಲ, ನಿನಗೆ ಕಾಣದ ಹಾಗೆ ಅಳೋಕೆ ಹೋಗಿದ್ದಾಳೆ’ ಎಂದಿದ್ದನಂತೆ ಒಬ್ಬ. ‘ಪಕ್ಕದ ಹಾಸಿಗೆಯವನ ಹೆಸರು ಕೇಳಿಟ್ಟುಕೋ, ನಾಳೆ ಅವನಿರಲಿಕ್ಕಿಲ್ಲ’ ಎಂದಿದ್ದನಂತೆ ಇನ್ನೊಬ್ಬ. ಅವುಗಳ ಜಾಗದಲ್ಲಿ ‘ಆರೋಗ್ಯವೇ ಭಾಗ್ಯ’, ‘ಶುಚಿಯಾಗಿರಿ’! ತಾನು ಹೆಸರು ಕೇಳದೆ ಹೋದ ಗೆಳೆಯನಿಗಾಗಿ ಹುಡುಗನೊಬ್ಬ ಹತ್ತು ವರ್ಷ ಕೊರಗಿದರೆ, ನಿಮ್ಮ ಉತ್ತರ ಕೈ ತೊಳೆದುಕೋ ಎಂಬುದು. ನೀವಂತೂ ತೊಳೆದುಕೊಂಡಿರಿ.

ನಿಮ್ಮ ಕೋಣೆಗೆ ಬಂದು ಕೇಳಿದೆ. ಎದ್ದು ನಿಂತು ಕುರ್ಚಿ ತೋರಿಸಿದಿರಿ, ಆ ಮರ್ಯಾದೆಯನ್ನು ಮರೆಯಲಾರೆ. “ಬರೋ ಮಕ್ಕಳು ಹೆದರಬಾರದಲ್ವಾ? ಸ್ವಲ್ಪ ಪಾಸಿಟಿವ್ ಆಗಿರ್ಲಿ ಅಂತ ಸಮಿತಿ ತೀರ್ಮಾನ ಮಾಡ್ತು,” ಎಂದಿರಿ. ಸಂತೋಷ. ಹಾಗಾದರೆ ಹೆಬ್ಬಾಗಿಲಿಗೆ ‘ಅರಮನೆ’ ಎಂದೂ, ಇಂಜೆಕ್ಷನ್ ಕೋಣೆಗೆ ‘ಮಿಠಾಯಿ ಅಂಗಡಿ’ ಎಂದೂ ಬೋರ್ಡ್ ಹಾಕಿಸಿ. ಮಗು ಹೆದರುವುದು ನೋವಿಗೋ, ನೋವಿಲ್ಲ ಎಂದವರು ಕೈಕೊಟ್ಟದ್ದಕ್ಕೋ? ಸಮಿತಿಯಲ್ಲಿ ಒಬ್ಬರಿಗೂ ಚಿಕ್ಕಂದಿನಲ್ಲಿ ಸೂಜಿ ಚುಚ್ಚಿರಲಿಲ್ಲವೇ?

ಹೊರಬಂದು ಅದೇ ಕೊಠಡಿಯ ಬೆಂಚಿನ ಮೇಲೆ ಕೂತೆ. ಕೆಂಪು ಸ್ವೆಟರಿನ ಹುಡುಗಿಯೊಂದು, ಆಗಷ್ಟೇ ಓದಲು ಕಲಿತದ್ದು, ನನ್ನ ಅಕ್ಷರದ ಮೇಲೆ ಬೆರಳಾಡಿಸುತ್ತ ಕೂಡಿಸಿ ಓದಿತು. “ಅಮ್ಮಾ, ನೋವೇ ಇಲ್ವಂತೆ!” “ಹೂಂ ಕಣೇ, ಬರ್ದಿದಾರಲ್ಲ,” ಎಂದಳು ತಾಯಿ. ಕುಣಿಯುತ್ತ ಒಳಗೆ ಹೋದ ಮಗು ಕಿರುಚಾಡಿ ಹೊರಬಂತು. ಅದು ಸೂಜಿಯವರನ್ನೂ ಬೈಯಲಿಲ್ಲ, ತಾಯಿಯನ್ನೂ ಬೈಯಲಿಲ್ಲ. ಗೋಡೆಯ ಮುಂದೆ ನಿಂತು ಇನ್ನೊಮ್ಮೆ ಓದಿತು, ತಾನೇ ತಪ್ಪಾಗಿ ಓದಿದೆನೇನೋ ಎಂಬಂತೆ. ನನಗೆ ಅಲ್ಲಿ ಕೂರಲಾಗಲಿಲ್ಲ.

ನನ್ನ ಬೇಡಿಕೆ ಇಷ್ಟೇ. ನೀವು ಬಳಿಸಿದ್ದು ಅಗ್ಗದ ಡಿಸ್ಟೆಂಪರ್. ಒದ್ದೆ ಬಟ್ಟೆಗೆ ಬಿಡುತ್ತದೆ, ಬಿಡುವಾಗ ನನ್ನ ಅಕ್ಷರವನ್ನೂ ಹೊತ್ತುಕೊಂಡೇ ಹೋಗುತ್ತದೆ. ಅಡಿಯಲ್ಲಿ ಮಕ್ಕಳು ಎಣ್ಣೆಬಣ್ಣದಲ್ಲಿ ಬರೆದ ಮಾತುಗಳಿಗೆ ಏನೂ ಆಗಿರುವುದಿಲ್ಲ. ಎಂಟು ದಿನದೊಳಗೆ ಅನುಮತಿ ಕೊಡಿ, ಆ ಒಂಬತ್ತು ಮಂದಿಯ ಎದುರು ನಾನೇ ಒರೆಸುತ್ತೇನೆ. ಅನುಮತಿಗೆ ನಿಮ್ಮ ಸಹಿ ಮಾತ್ರ ಸಾಲದು, ನೀವೂ ಬಂದು ನಿಲ್ಲಬೇಕು.

ಕೊಡದಿದ್ದರೆ, ಒಂಬತ್ತನೆಯ ದಿನದಿಂದ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅದೇ ಬೆಂಚಿನ ಮೇಲೆ ನಾನಿರುತ್ತೇನೆ. ಬರುವ ಪ್ರತಿ ಮಗುವಿಗೂ ನೋಯುತ್ತದೆಂದು ಹೇಳುತ್ತೇನೆ, ಅತ್ತರೆ ಯಾರೂ ಬೈಯುವುದಿಲ್ಲವೆಂದು ಹೇಳುತ್ತೇನೆ. ಕಾವಲುಗಾರರನ್ನು ಕರೆಸಿ ನನ್ನನ್ನು ಎಬ್ಬಿಸಬಹುದು. ಮರುದಿನ ಮತ್ತೆ ಬರುತ್ತೇನೆ. ಮಗಳು ಇನ್ನೂ ನನ್ನೊಡನೆ ಮಾತಾಡಿಲ್ಲ. ನನಗೆ ಬೇರೆ ಕೆಲಸವೂ ತೋಚುತ್ತಿಲ್ಲ.

ಇಂತಿ,
ನಿಮ್ಮ ಸುಳ್ಳಿಗೆ ದುಂಡನೆಯ ಅಕ್ಷರ ಕೊಟ್ಟ
ಬೋರ್ಡ್ ಪೇಂಟರ್