ಮರ್ವ್ ಡಗನ್‌ನ ಬಲಗಾಲಿನ ವಿಷಯ

ಹೊಸ ಚಿಕಿತ್ಸೆಗಳ ಪರಿಶೀಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕಳೆದ ಚಳಿಗಾಲದಲ್ಲಿ ನನ್ನ ಗಂಡ ಮರ್ವ್‌ನ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು. ಕತ್ತರಿಸಿದ್ದು ಶಸ್ತ್ರವೈದ್ಯರು, ಕತ್ತರಿಸುವಂತೆ ಮಾಡಿದ್ದು ನಿಮ್ಮ ಸಮಿತಿ. ಈಗ ಬಲಗಾಲಿನ ಹೆಬ್ಬೆರಳು ಕಪ್ಪಾಗುತ್ತಿದೆ. ಆ ಕಾಲನ್ನು ಉಳಿಸಬಲ್ಲ ರಕ್ತನಾಳ ಮೆಲ್ಬರ್ನ್‌ನ ಆಸ್ಪತ್ರೆಯೊಂದರ ಕಪಾಟಿನಲ್ಲಿ, ಸೀಸೆಯೊಳಗೆ ಸಿದ್ಧವಾಗಿದೆ. ಅದನ್ನು ಹೊರತೆಗೆಯಲು ನಿಮ್ಮದೊಂದು ಸಹಿ ಸಾಕು, ಆ ಸಹಿಯನ್ನು ನೀವು ಹಾಕುತ್ತಿಲ್ಲ. ನಾನು ಖಾಸಗಿಯಾಗಿ ಬರೆದ ಪತ್ರಗಳಿಗೆಲ್ಲ "ನಿಮ್ಮ ಕಳಕಳಿಯನ್ನು ಗಮನಿಸಲಾಗಿದೆ" ಎಂಬ ಒಂದೇ ಸಾಲಿನ ಉತ್ತರ ಬಂತು. ಗಮನಿಸಲು ನಿಮಗೆ ಕಣ್ಣಿದೆಯೇ ಎಂಬುದೇ ನನಗೆ ಅನುಮಾನ. ಅದಕ್ಕೆ ಈ ಪತ್ರವನ್ನು ನಾಲ್ಕು ಜನ ಓದಲಿ ಎಂದು ಪತ್ರಿಕೆಗೆ ಕಳುಹಿಸುತ್ತಿದ್ದೇನೆ.

ನಾವು ರಾಜ್ಯದ ಪಶ್ಚಿಮ ಅಂಚಿನ ಕುರಿಯವರು. ನಮ್ಮ ಊರು ನಿಮಗೆ ಗೊತ್ತಿರಲಿಕ್ಕಿಲ್ಲ, ಆದರೆ ಆ ನಾಳ ಬೆಳೆಸುವ ಸಂಶೋಧಕರಿಗೆ ದಾರಿ ಚೆನ್ನಾಗಿ ಗೊತ್ತು. ಒಂಬತ್ತು ವರ್ಷಗಳಿಂದ ಅವರ ಕುರಿಮಂದೆ ಮೇಯುತ್ತಿರುವುದು ನಮ್ಮ ಹುಲ್ಲುಗಾವಲಿನಲ್ಲೇ. ಪೆನ್ಸಿಲ್ಲಿನಷ್ಟು ದಪ್ಪದ ಮೆದು ಸಲಾಕೆಗೆ ನವುರಾದ ಬಲೆ ಸುತ್ತಿ ಕುರಿಯ ಚರ್ಮದಡಿ ಇಡುತ್ತಾರೆ. ಕುರಿ ತನ್ನ ಪಾಡಿಗೆ ತಾನು ಮೇಯುತ್ತಿರುತ್ತದೆ, ಅದರ ಮೈ ಸಲಾಕೆಯ ಸುತ್ತ ತನ್ನದೇ ಒಂದು ಪದರ ಕಟ್ಟಿಕೊಳ್ಳುತ್ತದೆ. ಮೂರು ತಿಂಗಳ ಮೇಲೆ ಹೊರತೆಗೆದು, ಸಲಾಕೆ ಎಳೆದುಹಾಕಿ, ಉಳಿದ ಕೊಳವೆಯನ್ನು ತೊಗಲು ಹದ ಮಾಡುವ ಹಾಗೆ ಹದ ಮಾಡಿದರೆ ಮನುಷ್ಯನ ಕಾಲಿಗೆ ಒಂದು ರಕ್ತನಾಳ ಸಿದ್ಧ. ಉಣ್ಣೆ ಕತ್ತರಿಸುವಾಗ ಯಂತ್ರ ತಾಗದಿರಲೆಂದು ಮರ್ವ್ ಆ ಉಬ್ಬನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದ. "ಇದು ಯಾರದೋ ಕಾಲು ಕಣೇ, ಹುಷಾರಾಗಿರ್ಬೇಕು" ಎನ್ನುತ್ತಿದ್ದ. ಆ ಮಾತು ನೆನೆಸಿಕೊಂಡರೆ ಈಗ ನನಗೆ ಹೊಟ್ಟೆ ಉರಿಯುತ್ತದೆ.

ಅವನ ಸ್ವಂತ ರಕ್ತನಾಳಗಳದ್ದು ಹಳೇ ಮನೆಯ ಕೊಳಾಯಿಯ ಕಥೆ. ಒಂದು ಕಡೆ ರಿಪೇರಿ ಮಾಡಿದರೆ ಇನ್ನೊಂದು ಕಡೆ ಕೈಕೊಡುತ್ತದೆ. ಹೃದಯದ ಶಸ್ತ್ರಚಿಕಿತ್ಸೆಯಾದಾಗ ಎರಡೂ ಕಾಲುಗಳ ಒಳ್ಳೆಯ ಸಿರೆಗಳನ್ನು ಬಿಡಿಸಿ ಎದೆಗೆ ಹೊಲಿದರು. ಆಮೇಲೆ ಹೊಟ್ಟೆಯೊಳಗಿನ ಮಹಾನಾಳ ಊದಿಕೊಂಡಿತು. ತೊಡೆಸಂದಿನಿಂದ ಬಟ್ಟೆ ಹೊದಿಸಿದ ತಂತಿ ಜಾಲರಿಯ ಕೊಳವೆಯೊಂದನ್ನು ತೂರಿಸಿ ಒಳಗಿನಿಂದಲೇ ತೇಪೆ ಹಾಕಿದರು. ಸ್ಟೆಂಟ್ ಗ್ರಾಫ್ಟ್ ಎನ್ನುತ್ತಾರೆ ಅದಕ್ಕೆ. ಹೊಟ್ಟೆ ಕೊಯ್ಯುವ ಮಾತೇ ಇಲ್ಲ, ಮೂರನೆಯ ದಿನ ಮನೆಯ ಜಗಲಿಯಲ್ಲಿ ಕುಳಿತು ನಾಯಿಯನ್ನು ಬೈಯುತ್ತಿದ್ದ. ಆ ಕೊಳವೆಯೂ ಒಂದು ಕಾಲಕ್ಕೆ ಬರೀ ಪ್ರಯೋಗವೇ ಆಗಿತ್ತಲ್ಲವೇ, ಸ್ವಾಮಿ? ಆಗಲೂ ಯಾರೋ ಒಬ್ಬ ಮಹನೀಯರು ಮೆತ್ತನೆಯ ಕುರ್ಚಿಯಲ್ಲಿ ಕುಳಿತು "ಇನ್ನಷ್ಟು ಪುರಾವೆ ಬರಲಿ ನೋಡೋಣ" ಎಂದು ಆಕಳಿಸಿರಬೇಕು. ನಮ್ಮ ಪುಣ್ಯಕ್ಕೆ ಅವರ ಮಾತು ನಡೆಯಲಿಲ್ಲ.

ಕಾಲುಗಳ ಸರದಿ ಬಂದಾಗ ಅಷ್ಟು ಸುಲಭವಾಗಲಿಲ್ಲ. ನಮ್ಮ ಶಸ್ತ್ರವೈದ್ಯೆ ಡಾಕ್ಟರ್ ಲಿಯೆನ್ ಎಡಗಾಲಿಗೆ ಎರಡು ಸಲ ಸ್ಟೆಂಟ್ ಹಾಕಿದರು, ಎರಡು ಸಲವೂ ಮುಚ್ಚಿಕೊಂಡಿತು. ಬೈಪಾಸ್ ಮಾಡೋಣವೆಂದರೆ ಹೊಲಿಯಲು ಸ್ವಂತ ಸಿರೆ ಉಳಿದಿಲ್ಲ. ಮೊಣಕಾಲಿನಿಂದ ಕೆಳಗೆ ಪ್ಲಾಸ್ಟಿಕ್ ನಾಳ ಇವನಿಗೆ ಬಾಳಿಕೆ ಬರುವುದಿಲ್ಲವೆಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಉಳಿದದ್ದು ಕುರಿಯ ಮೈಯಲ್ಲಿ ಬೆಳೆದ ನಾಳ. "ಇದೂ ಮುಚ್ಕೊಳ್ಳಬಹುದು ಮರ್ವ್, ನಾನು ಸುಳ್ಳು ಹೇಳಲ್ಲ. ಆದ್ರೆ ನಿಮಗೆ ಉಳಿದಿರೋ ದಾರಿ ಇದೊಂದೇ" ಎಂದರು. ನಮ್ಮ ಹುಲ್ಲು ತಿಂದು, ನಮ್ಮ ನೀರು ಕುಡಿದು, ನನ್ನ ಗಂಡನ ಅಂಗೈಯಡಿ ಬೆಳೆದ ನಾಳ ಅವನ ಕಾಲಿಗೇ ಬರುತ್ತದೆಂದು ಕೇಳಿ ನಾನು ಅಲ್ಲೇ ನಕ್ಕುಬಿಟ್ಟೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಡಾಕ್ಟರ್ ಲಿಯೆನ್ ನಿಮ್ಮ ಸಮಿತಿಗೆ ಅರ್ಜಿ ಹಾಕಿದರು. ನಿಮ್ಮ ನಿಯಮದಂತೆ, ರೋಗಿಯ ಕಷ್ಟ ನಿಜವೋ ನಾಟಕವೋ ಎಂದು ನೋಡಲು ಒಬ್ಬ ಅಧಿಕಾರಿ ಮನೆಗೆ ಬರಬೇಕು. ಬಂದಳು. ಒಳ್ಳೆಯ ಹುಡುಗಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಮನೆಗೆ ಅತಿಥಿ ಬರುತ್ತಾಳೆಂದು ಮರ್ವ್ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಚಹಾ ಆಯಿತು, ಸ್ಕೋನ್ ಬನ್ನು ಆಯಿತು, ಮಳೆಯ ಮಾತಾಯಿತು. ನೋವು ಹೇಗಿದೆ ಎಂದು ಅವಳು ಕೇಳಿದಳು. "ಒಂಚೂರು ಇರತ್ತಮ್ಮ, ದೂರೋ ಅಂಥದ್ದೇನಿಲ್ಲ" ಎಂದ. ಮಲಗಿದರೆ ನೋವು ತಡೆಯಲಾರದೆ ಕಾಲನ್ನು ಕೆಳಗೆ ಇಳಿಬಿಟ್ಟುಕೊಂಡು ತಿಂಗಳುಗಟ್ಟಲೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದ ಮನುಷ್ಯ! ನಾನು ಬಾಯಿ ತೆರೆದೆ, ಅವನು ನನ್ನನ್ನು ದುರುಗುಟ್ಟಿ ನೋಡಿದ. ಅತಿಥಿಯ ಎದುರು ಗಂಡನ ಮಾತು ಸುಳ್ಳು ಮಾಡುವುದು ಬೇಡವೆಂದು ಸುಮ್ಮನಾದೆ.

ಆಮೇಲೆ ಅವಳು ಹೊರಟಳು. ನಮ್ಮ ಕಡೆ ಬಂದವರು ಹೊರಟರೆ ಮನೆಯವರು ಹುಲ್ಲುಗಾವಲಿನಾಚೆಯ ಗೇಟಿನವರೆಗೆ ನಡೆದು ಹೋಗಿ, ತಾವೇ ಗೇಟು ತೆಗೆದು, ಕಾರು ದಾಟಿದ ಮೇಲೆ ಕುರಿ ಹೊರಬೀಳದಂತೆ ಮುಚ್ಚಿ ಬರುತ್ತಾರೆ. ಅತಿಥಿಯೇ ಇಳಿದು ಗೇಟು ತೆಗೆದುಕೊಳ್ಳಲಿ ಎಂದು ಬಿಟ್ಟರೆ ಮನೆಗೇ ಅವಮಾನ. ಮರ್ವ್‌ನ ಅಪ್ಪ ಸಾಯುವ ವಾರದವರೆಗೂ ಹಾಗೆ ಮಾಡಿದ್ದರು. "ಇರಮ್ಮಾ, ಗೇಟು ನಾನ್ ತೆಗೀತೀನಿ. ನೀನ್ಯಾಕೆ ಈ ಬಿಸಿಲಲ್ಲಿ ಇಳೀತೀಯ" ಎಂದು ಇವನು ಶಿಳ್ಳೆ ಹಾಕಿಕೊಂಡು ಮುಂದೆ ಮುಂದೆ ನಡೆದ, ಅವಳ ಕಾರು ಹಿಂದೆ ನಿಧಾನವಾಗಿ ಹೋಯಿತು. ಅಷ್ಟು ದೂರದಲ್ಲಿ ಒಂದು ಸಲವೂ ನಿಲ್ಲಲಿಲ್ಲ. ಗೇಟು ತೆಗೆದು ಕೈಯನ್ನೂ ಬೀಸಿದ. ಕಾರು ತಿರುವಿನಲ್ಲಿ ಮರೆಯಾದದ್ದೇ ತಡ, ಕಂಬ ಹಿಡಿದು ಹಾಗೇ ಕುಸಿದು ಕುಳಿತ. ನಾನು ಟ್ರಕ್ಕು ತೆಗೆದುಕೊಂಡು ಹೋಗಿ ಅವನನ್ನು ಎತ್ತಿಹಾಕಿಕೊಂಡು ಬಂದೆ. ಮುಖ ಬಿಳಿಚಿಕೊಂಡಿತ್ತು, ತುಟಿ ಕಚ್ಚಿ ರಕ್ತ ಬಂದಿತ್ತು.

ಮುಂದಿನದು ನಿಮಗೇ ಗೊತ್ತು. ಅರ್ಜಿ ತಿರಸ್ಕೃತವಾಯಿತು. ನಾನು ಬೆನ್ನು ಬಿಡದ್ದರಿಂದ ಸಭೆಗೆ ಕರೆದಿರಿ. "ಕುಟುಂಬದ ದನಿ"ಗೆ ಐದು ನಿಮಿಷವಂತೆ. ಆ ಐದು ನಿಮಿಷಕ್ಕಾಗಿ ನಾನು ಅರ್ಧ ದಿನ ಕಾರು ಓಡಿಸಿಕೊಂಡು ಬಂದೆ. ನೀವು ಬಹಳ ಮೃದುವಾಗಿ ಹೇಳಿದಿರಿ: "ಮಿಸೆಸ್ ಡಗನ್, ನಿಮ್ಮ ಯಜಮಾನ್ರು ಗೇಟಿನ ತನಕ ಒಂದ್ಸಲಾನೂ ನಿಲ್ದೆ ನಡೆದಿದ್ದಾರೆ. ಅವರಿಗಿಂತ ಕಷ್ಟದಲ್ಲಿರೋರು ಸಾಲಲ್ಲಿದ್ದಾರೆ." ಅವನು ಯಾಕೆ ನಡೆದ ಎಂದು ನಾನು ಬಿಡಿಸಿ ಹೇಳಿದೆ. ನೀವು ನಕ್ಕಿರಿ. "ಅದು ಸೌಜನ್ಯ. ಸೌಜನ್ಯ ಅಳೆಯೋಕೆ ನಮ್ಮಲ್ಲಿ ಅವಕಾಶ ಇಲ್ಲ" ಎಂದಿರಿ. ನಿಮ್ಮ ಅಕ್ಕಪಕ್ಕದವರೂ ನಕ್ಕರು. ಆ ನಗುವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ನಿಮ್ಮ ಮನೆಯಿಂದ ಹೊರಟವರನ್ನು ನೀವು ಯಾವತ್ತಾದರೂ ಬಾಗಿಲ ತನಕ ಕಳುಹಿಸಿಕೊಟ್ಟಿದ್ದೀರಾ, ಮಾನ್ಯರೇ? ಅಥವಾ ಅದಕ್ಕೂ ಒಂದು ಉಪಸಮಿತಿ ಇದೆಯೇ? ನೋವನ್ನು ಕೂಗಿ ಹೇಳಿದವನಿಗೆ ಮಾತ್ರ ಔಷಧ ಎಂದಾದರೆ, ಕೂಗುವುದು ನಾಚಿಕೆಗೇಡು ಎಂದು ಬೆಳೆಸಿದ ಒಂದಿಡೀ ಸೀಮೆಯ ಗಂಡಸರು ಏನು ಮಾಡಬೇಕು? ನಿಮ್ಮ ಮುಂದೆ ಬಿದ್ದು ಹೊರಳಾಡಬೇಕೇ? ಅದನ್ನೇ ನೀವು ವಿಜ್ಞಾನವೆಂದು ಕರೆಯುತ್ತೀರೇ?

ಚಳಿಗಾಲದಲ್ಲಿ ಎಡಗಾಲು ಹೋಯಿತು. ಈಗ ಬಲಗಾಲಿನಲ್ಲೂ ಅದೇ ಕಥೆ ಶುರುವಾದಾಗ ಡಾಕ್ಟರ್ ಲಿಯೆನ್ ಮತ್ತೆ ಅರ್ಜಿ ಹಾಕಿದರು. ಈ ಸಲ ನೀವು ಕೊಟ್ಟ ಕಾರಣವನ್ನು ಅವರಿಂದ ಮೂರು ಸಲ ಓದಿಸಿಕೊಂಡೆ, ಕಿವಿ ನಂಬಲಿಲ್ಲ. ನಾಳ ಪಡೆಯುವವರು ಮೊದಲು ನಡಿಗೆಯ ಪರೀಕ್ಷೆ ಕೊಡಬೇಕು, ಒಂಟಿ ಕಾಲಿನವನು ಆ ಪರೀಕ್ಷೆ ಕೊಡಲಾರ, ಆದ್ದರಿಂದ ಅವನು ಅರ್ಹನಲ್ಲ! ಅಂದು ನಡೆದ ಎಂದು ಬೇಡವೆಂದಿರಿ, ಇಂದು ನಡೆಯಲಾರ ಎಂದು ಬೇಡವೆನ್ನುತ್ತೀರಿ. ಅವನ ಕಾಲನ್ನು ನೀವೇ ಕಿತ್ತುಕೊಂಡು, ಕಾಲು ಎಲ್ಲಿ ಎಂದು ಅವನನ್ನೇ ಕೇಳುವುದಕ್ಕೆ ಎಷ್ಟು ಓದಿರಬೇಕು, ಎಷ್ಟು ದಪ್ಪ ಚರ್ಮ ಇರಬೇಕು!

ಎಚ್ಚರಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಕುರಿ ಸಾಕಿದವಳು ನಾನು. ಕೆಲವು ಕುರಿಗಳಲ್ಲಿ ನಾಳ ಸರಿಯಾಗಿ ಕಟ್ಟಿಕೊಳ್ಳದೆ ಸಂಶೋಧಕರು ತಲೆಯಾಡಿಸುತ್ತಾ ಎಸೆದದ್ದನ್ನೂ ನೋಡಿದ್ದೇನೆ. ನಾಳ ಸೋಲಬಹುದು, ಸೋಂಕು ತಗಲಬಹುದು, ಕಾಲು ಕೊನೆಗೂ ಹೋಗಬಹುದು. ಅದೆಲ್ಲ ಮರ್ವ್‌ಗೂ ಗೊತ್ತು, ಗೊತ್ತಿದ್ದೇ ಒಪ್ಪಿದ್ದಾನೆ. ಆದರೆ ಆ ಸೀಸೆಯ ಮೇಲೂ ಒಂದು ತಾರೀಖು ಅಚ್ಚಾಗಿದೆ, ಅದು ದಾಟಿದರೆ ನಾಳವನ್ನು ಕಸಕ್ಕೆ ಹಾಕುತ್ತಾರೆ. ಕಾಲು ಕೊಳೆತರೂ ಚಿಂತೆಯಿಲ್ಲ, ನಾಳ ಹಾಳಾದರೂ ಚಿಂತೆಯಿಲ್ಲ, ನಿಮ್ಮ ನಿಯಮಕ್ಕೆ ಮಾತ್ರ ಒಂದು ಗೀರೂ ಬೀಳಬಾರದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವುದು ಇದಕ್ಕೇ.

ಇಲ್ಲಿ ಮನೆಯಲ್ಲಿ ನಾವು ಏನು ಮಾಡುತ್ತಿದ್ದೇವೆ ಗೊತ್ತೇ? ಮುಂದಿನ ಸಲ ನೋವನ್ನು ನೋವೆಂದೇ ಹೇಳಲು ಅವನಿಗೆ ಅಭ್ಯಾಸ ಮಾಡಿಸಿ ಎಂದು ಡಾಕ್ಟರ್ ಲಿಯೆನ್ ನನಗೆ ಹೇಳಿದರು. ಅಡುಗೆಮನೆಯ ಮೇಜಿನಲ್ಲಿ ನಾನು ಅಧಿಕಾರಿಯಂತೆ ಗಂಟಲು ಸರಿಮಾಡಿಕೊಂಡು ಕೇಳುತ್ತೇನೆ, ಅವನು ಪರವಾಗಿಲ್ಲ ಎನ್ನುತ್ತಾನೆ. ಮತ್ತೆ ಕೇಳುತ್ತೇನೆ, ನಿನ್ನೆಗಿಂತ ವಾಸಿ ಎನ್ನುತ್ತಾನೆ. "ಹಿಂಗಂದ್ರೆ ಈ ಕಾಲೂ ಹೋಗತ್ತೆ ಕಣೋ" ಎಂದು ನಾನು ರೇಗಿದರೆ, ಹೋಗಲಿ ಬಿಡು, ಬೂಟಿನ ಖರ್ಚು ಉಳಿಯಿತು ಎಂದು ನಗುತ್ತಾನೆ. ಎಷ್ಟೋ ದಿನ ನಾನು ಸೋತು ಎದ್ದು ಹೋಗಿದ್ದೇನೆ.

ಹೋದ ಭಾನುವಾರ ಬೆಳಿಗ್ಗೆ ನಾನು ಆಲೂಗಡ್ಡೆ ಸುಲಿಯುತ್ತಿದ್ದೆ. ಅಭ್ಯಾಸವೂ ನಡೆಯುತ್ತಿರಲಿಲ್ಲ, ಯಾರೂ ಏನೂ ಕೇಳಿರಲಿಲ್ಲ. ಕಿಟಕಿಯ ಹತ್ತಿರ ಕುಳಿತಿದ್ದವನು ನನ್ನ ಕಡೆ ತಿರುಗದೆ, ಮೆಲ್ಲಗೆ, "ಎನಿಡ್, ನೋಯ್ತಿದೆ" ಎಂದ.

ಟಗರು ಗುಮ್ಮಿ ಪಕ್ಕೆಲುಬು ಮುರಿದಾಗ ಆ ಮಾತು ಅವನ ಬಾಯಿಂದ ಬಂದಿರಲಿಲ್ಲ. ಎದೆ ಸೀಳಿದಾಗ ಬಂದಿರಲಿಲ್ಲ. ಎಡಗಾಲು ಕಳೆದುಕೊಂಡು ಎಚ್ಚರವಾದಾಗಲೂ ಬಂದಿರಲಿಲ್ಲ. ನಾನು ಚಾಕು ಕೆಳಗಿಟ್ಟು ಅವನ ಪಕ್ಕದಲ್ಲಿ ಹೋಗಿ ಕುಳಿತೆ. ಕೈ ಹಿಡಿದುಕೊಂಡೆ. ಅವನು ಅಳುತ್ತಿದ್ದ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ನನಗೆ ಮೊದಲ ಸಲ ಭಯವಾಯಿತು.

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಈ ತಿಂಗಳು ಮುಗಿಯುವುದರೊಳಗೆ ಡಾಕ್ಟರ್ ಲಿಯೆನ್‌ಗೆ ಆ ನಾಳ ಬಳಸಲು ಅನುಮತಿ ಕೊಡಿ. ಕೊಡುವುದಿಲ್ಲವೆಂದಾದರೆ ಆ ಹುಡುಗಿಯನ್ನು ಕಳುಹಿಸಬೇಡಿ, ಒಂದು ಸಾಲಿನ ಉತ್ತರವನ್ನೂ ಕಳುಹಿಸಬೇಡಿ. ನೀವೇ ಬನ್ನಿ. ಅವನ ಎದುರು ಕುಳಿತುಕೊಳ್ಳಿ. ನಾನು ಆ ಕಾಲಿನ ಬಟ್ಟೆ ಬಿಚ್ಚಿ ತೋರಿಸುತ್ತೇನೆ. ಅದನ್ನು ನೋಡಿ, ವಾಸನೆ ಮೂಗಿಗೆ ಎಳೆದುಕೊಂಡು, ಇದೂ ಹೋಗಲಿ ಎಂದು ಅವನ ಮುಖ ನೋಡಿ ಹೇಳಿ.

ಇಂತಿ,
ಹುಲ್ಲು ಕೇಳಿದಾಗ ಹುಲ್ಲು ಕೊಟ್ಟು, ಕಾಲು ಕೇಳಿದಾಗ ಒಂದು ಕಾಲನ್ನೂ ಕೊಟ್ಟು, ಇನ್ನೊಂದನ್ನು ಕೊಡಲು ಮನಸ್ಸಿಲ್ಲದ
ಎನಿಡ್ ಡಗನ್