ಹದಿನಾರು ಮನೆಯ ಹಲಗೆ

ಮನೆಯಿಂದ
ಮಾರ್ಚ್ ೧೨, ಗುರುವಾರ

ಪ್ರೀತಿಯ ಹಡಗಿನ ಯಜಮಾನರಿಗೆ,

ಮೊಣಕಾಲಿನ ಊತ ಇಳಿಯಿತೇ? ಇಂಜಿನ್ನಿನ ಪಕ್ಕದಲ್ಲೇ ಮಲಗುವ ಚಟ ಬಿಟ್ಟಿರಾ? ಇಲ್ಲ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ. ನಾವೆಲ್ಲ ಚೆನ್ನಾಗಿದ್ದೇವೆ. ಮಾವನ ಹತ್ತೂ ಬೆರಳು ಇನ್ನೂ ಇವೆ. ಹೀಗೇಕೆ ಬರೆದೆ ಎಂದು ಗಾಬರಿಯಾಗಬೇಡಿ, ಪೂರ್ತಿ ಓದಿ.

ಹೋದ ವಾರ ಮಾವ ಗರಗಸದ ಮಷೀನು ತಿರುಗುತ್ತಿದ್ದಂತೆಯೇ ಬಿಟ್ಟು ಒಳಗೆ ಬಂದು ಟೀ ಕುಡಿಯುತ್ತ ಕೂತರು. ನಿಮ್ಮ ತಮ್ಮ ಓಡಿಹೋಗಿ ಆರಿಸಿದ. ಅವತ್ತಿನಿಂದ ಮನೆಯಲ್ಲಿ ಒಂದೇ ರಗಳೆ. "ಅಪ್ಪನಿಗೆ ಮರೆವು ಶುರುವಾಗಿದೆ, ಮಷೀನಿನ ಬೀಗದಕೈ ನನಗೆ ಕೊಡಲಿ" ಅಂತ ಅವನು. ನಲವತ್ತು ವರ್ಷ ಆ ಮಷೀನಿನ ಮುಂದೆ ನಿಂತವರು ಅಷ್ಟು ಸುಲಭಕ್ಕೆ ಕೊಡುತ್ತಾರೆಯೇ? ಮೂರು ದಿನ ಮಾತು ಬಿಟ್ಟರು. ಭಾನುವಾರ ಮಧ್ಯಾಹ್ನ ತಾವೇ ಮಾಡಿದ ಆ ದೊಡ್ಡ ಚದುರಂಗದ ಹಲಗೆ ತಂದು ಮೇಜಿನ ಮೇಲೆ ಹಾಕಿದರು. ಗೊತ್ತಲ್ಲ, ಉದ್ದಕ್ಕೂ ಹದಿನಾರು ಮನೆ, ಅಗಲಕ್ಕೂ ಹದಿನಾರು. "ನಿಂದು ರಾಜ ಒಬ್ಬನೇ. ನಂದು ರಾಜ, ಒಂದು ಆನೆ. ಐವತ್ತು ನಡೆಯೊಳಗೆ ನಿನ್ನ ಕಟ್ಟಿಹಾಕದಿದ್ರೆ ಬೀಗದಕೈ ತಗೋ. ಕಟ್ಟಿಹಾಕಿದ್ರೆ ಇನ್ನೊಂದ್ಸಲ ಈ ಮಾತು ಎತ್ತಬೇಡ" ಅಂದರು. ಲೆಕ್ಕ ಇಡುವ ಕೆಲಸ ನನ್ನ ತಲೆಗೆ ಬಂತು. ಮಾವನ ಒಂದೊಂದು ನಡೆಗೂ ಮರದ ತುಂಡಿನ ಮೇಲೆ ಪೆನ್ಸಿಲಿನ ಒಂದೊಂದು ಗೆರೆ.

ಮಾಮೂಲಿ ಹಲಗೆಯಲ್ಲಾದರೆ ಇಪ್ಪತ್ತು ನಡೆಯೊಳಗೆ ಮುಗಿಯುವ ಕೆಲಸವಂತೆ. ಆನೆಯೇನೋ ಒಂದೇ ಓಟಕ್ಕೆ ಆ ತುದಿ ಸೇರಿ ದಾರಿಗೆ ಅಡ್ಡ ನಿಲ್ಲುತ್ತದೆ. ಆದರೆ ಅದರ ಬೆಂಬಲಕ್ಕೆ ರಾಜ ಬರಬೇಕಲ್ಲ? ಆ ಮಹಾರಾಯ ಅಷ್ಟು ದೊಡ್ಡ ಮೈದಾನವನ್ನು ಒಂದೊಂದೇ ಮನೆ ದಾಟಬೇಕು. ಹದಿನೈದನೇ ಗೆರೆ ಎಳೆದಾಗಲೂ ಇಬ್ಬರು ರಾಜರ ಮಧ್ಯೆ ಬೇಕಾದಷ್ಟು ಜಾಗವಿತ್ತು. ಮೂವತ್ತರ ಹೊತ್ತಿಗೆ ಮಾವ ಆನೆಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂತುಬಿಟ್ಟರು. ಯೋಚಿಸುತ್ತಿದ್ದಾರೋ, ಏನು ಮಾಡುತ್ತಿದ್ದೇನೆಂದೇ ಮರೆತರೋ ತಿಳಿಯಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ನನಗೆ ಭಯವಾಯಿತು ಕಣ್ರೀ. ನಲವತ್ತು ಗೆರೆಯಾದಾಗ ನಿಮ್ಮ ತಮ್ಮನ ರಾಜನಿಗೆ ಇನ್ನೂ ಮೂರು ಸಾಲು ಉಳಿದಿದ್ದವು. ಅವನ ಮುಖದಲ್ಲಿ ಗೆಲ್ಲುವ ಖುಷಿಯೇನೂ ಇರಲಿಲ್ಲ, ಅಪ್ಪನ ಬೆರಳುಗಳನ್ನೇ ನೋಡುತ್ತಿದ್ದ. ಕೊನೆಗೆ ಐವತ್ತನೇ ಗೆರೆಗೆ ಸರಿಯಾಗಿ ಅವನ ರಾಜ ಅಂಚಿನಲ್ಲಿ ಸಿಕ್ಕಿಬಿದ್ದ. ಎದುರಿಗೆ ಮಾವನ ರಾಜ, ಅಂಚಿನ ಸಾಲಿನಲ್ಲೇ ಆನೆ. "ಆಯ್ತಪ್ಪ, ನೀನೇ ಇಟ್ಕೋ" ಅಂದು ಎದ್ದುಹೋದ. ಮಾವ ನನ್ನ ಮರದ ತುಂಡನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿ, ತಮ್ಮ ಜೊತೆಗೇ ಒಯ್ದರು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಇಂಜಿನ್ನಿಗೆ ಹಚ್ಚಿ ಮಿಕ್ಕರೆ ಮೊಣಕಾಲಿಗೂ ಒಂದಿಷ್ಟು ಎಣ್ಣೆ ಹಚ್ಚಿಕೊಳ್ಳಿ.

ಇಂತಿ, ನಿಮ್ಮ ದಾರಿ ಕಾಯುತ್ತಿರುವ
ನಿಮ್ಮವಳು

ತಾ.ಕ.: ಬರೆಯದೆ ಇರಲಾರೆ. ಮಾವ ಹಾಗೆ ಕೂತದ್ದನ್ನು ನೋಡಿ ತಡೆಯಲಾಗದೆ, ಆಮೇಲಿನ ಎರಡು ನಡೆಗೆ ನಾನು ಗೆರೆ ಎಳೆಯಲೇ ಇಲ್ಲ. ನಿಮ್ಮ ತಮ್ಮನಿಗೆ ಗೊತ್ತಾಗಲಿಲ್ಲ. ಇವತ್ತು ಬೆಳಿಗ್ಗೆ ನನ್ನ ಹೊಲಿಗೆ ಡಬ್ಬಿಯಲ್ಲಿ ಮಷೀನಿನ ಬೀಗದಕೈ ಸಿಕ್ಕಿತು, ಅದೇ ಮರದ ತುಂಡಿಗೆ ಕಟ್ಟಿತ್ತು. ನನ್ನ ಐವತ್ತು ಗೆರೆಗಳ ಪಕ್ಕದಲ್ಲಿ ಮಾವ ಇನ್ನೆರಡು ಗೆರೆ ಎಳೆದಿದ್ದಾರೆ. ಆಡುತ್ತ ಆಡುತ್ತಲೇ ಐವತ್ತೆರಡು ಎಣಿಸಿದವರಿಗೆ ಮರೆವು ಎಂದು ಹೇಗೆ ಹೇಳಲಿ? ಮಷೀನು ಆರಿಸದೆ ಬಂದವರೂ ಅವರೇ. ಬೀಗದಕೈ ನನ್ನ ಹತ್ತಿರವಿದೆ, ನಿಮ್ಮ ತಮ್ಮನಿಗೆ ಇನ್ನೂ ಹೇಳಿಲ್ಲ. ಮಾವ ಮಷೀನಿಗೆ ಬೆನ್ನು ಹಾಕಿ ಕೂತು ಕೈಗರಗಸದಲ್ಲಿ ಮರ ಕೊಯ್ಯುತ್ತಿದ್ದಾರೆ. ಯಾರಿಗೆ ಕೊಡಲಿ, ಬೇಗ ಬರೆಯಿರಿ.